ಕೈ ತೊಳೆಯುವ ತೊಟ್ಟಿಗೆ ಹೂವು ಬಂದ ಕಥೆ

ಜಪಾನಿನಲ್ಲಿ ಯಾವ ಗುಡಿಗೆ ಹೋದರೂ ದೇವರಿಗಿಂತ ಮೊದಲು ಎದುರಾಗುವುದು ನೀರು. ಹೆಬ್ಬಾಗಿಲು ದಾಟಿ ಸ್ವಲ್ಪ ದೂರ ನಡೆಯುವಷ್ಟರಲ್ಲಿ ದಾರಿಯ ಪಕ್ಕಕ್ಕೆ ಕಂಬಗಳ ಮೇಲೆ ಮಾಡು ಹೊದಿಸಿದ ಒಂದು ಸಣ್ಣ ಮಂಟಪ. ಅದರೊಳಗೆ ಕಲ್ಲಿನ ತೊಟ್ಟಿ. ತೊಟ್ಟಿಗೆ ನೀರು ಬೀಳಿಸುವ ಬಿದಿರಿನ ಕೊಳವೆ, ಇಲ್ಲವೇ ಕಂಚಿನ ಡ್ರ್ಯಾಗನ್ನಿನ ಬಾಯಿ. ಅಡ್ಡ ಕೋಲಿನ ಮೇಲೆ ಸಾಲಾಗಿ ಬೋರಲು ಹಾಕಿದ ಉದ್ದ ಹಿಡಿಯ ಸೌಟುಗಳು. ಶಿಂಟೋ ಸಂಪ್ರದಾಯದ ಗುಡಿಗೆ ಅಲ್ಲಿ 'ಜಿಂಜಾ' ಎಂದೂ ಬೌದ್ಧ ದೇವಾಲಯಕ್ಕೆ 'ತೆರಾ' ಎಂದೂ ಬೇರೆ ಬೇರೆ ಹೆಸರಿದ್ದರೂ ಈ ತೊಟ್ಟಿ ಮಾತ್ರ ಎರಡೂ ಕಡೆ ಸಾಮಾನ್ಯ.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಬಲಗೈಯಲ್ಲಿ ಸೌಟು ಹಿಡಿದು ಎಡಗೈ ತೊಳೆಯಬೇಕು. ಕೈ ಬದಲಿಸಿ ಬಲಗೈ ತೊಳೆಯಬೇಕು. ಮತ್ತೆ ಬಲಗೈಗೆ ಸೌಟು ತಂದು, ಎಡ ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಬೇಕು. ಸೌಟಿಗೆ ತುಟಿ ತಾಗಿಸುವಂತಿಲ್ಲ. 'ಎಂಜಲು' ಎಂಬ ಒಂದು ಮಾತಿನಲ್ಲಿ ನಮಗೆ ತಿಳಿಯುವ ಈ ವಿಷಯವನ್ನು ಅಮೆರಿಕದ ಪ್ರವಾಸಿಗಳಿಗೆ ಅಲ್ಲಿ ಚಿತ್ರ ಬರೆದು ವಿವರಿಸಿರುತ್ತಾರೆ. ಎಡಗೈಯನ್ನು ಇನ್ನೊಮ್ಮೆ ತೊಳೆದು, ಕೊನೆಗೆ ಸೌಟನ್ನು ನೆಟ್ಟಗೆ ನಿಲ್ಲಿಸಿದರೆ ಉಳಿದ ನೀರು ಹಿಡಿಯ ಮೇಲೆ ಹರಿದು, ಮುಂದೆ ಬರುವವರಿಗಾಗಿ ಅದನ್ನೂ ತೊಳೆಯುತ್ತದೆ. ಇಷ್ಟೆಲ್ಲ ಆಗಬೇಕಾದ್ದು ಒಂದೇ ಸೌಟು ನೀರಿನಲ್ಲಿ. ವೃತ್ತಿಯಿಂದ ವೈದ್ಯನಾದ ನನಗೆ ಈ ಕೊನೆಯ ಹಂತದ ಮೇಲೆ ವಿಶೇಷ ಗೌರವ. ನಾವು ಮುಟ್ಟಿದ್ದನ್ನು ಮುಂದಿನವರಿಗೆ ತೊಳೆದಿಡಿ ಎಂದು ಹೇಳಿಸಿಕೊಳ್ಳಬೇಕಾದವರು ಆಸ್ಪತ್ರೆಗಳಲ್ಲಿಯೂ ಕಡಿಮೆಯಿಲ್ಲ.

ಈ ನೀರಿಗೆ 'ಚೋಜು' ಎಂದು ಹೆಸರು. 'ತೆ' ಎಂದರೆ ಕೈ, 'ಮಿಜು' ಎಂದರೆ ನೀರು. ತೆಮಿಜು ಎಂಬುದೇ ಬಾಯಿಂದ ಬಾಯಿಗೆ ಸವೆದು ಚೋಜು ಆಯಿತು. ಇದೇ ಮಾತಿನಿಂದ ಹುಟ್ಟಿದ 'ಚೋಜುಬಾ', ಅಂದರೆ ಕೈನೀರಿನ ಜಾಗ, ಹಳೆಯ ಜಪಾನೀ ಮಾತಿನಲ್ಲಿ ಶೌಚಾಲಯಕ್ಕೂ ಸಲ್ಲುತ್ತಿತ್ತು. ಮಡಿಗೂ ಮೈಲಿಗೆಗೂ ನೀರೊಂದೇ ಆದ್ದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ.

ಈಗ ಕೆಲವು ವರ್ಷಗಳಿಂದ ಆ ತೊಟ್ಟಿಗಳ ಚಿತ್ರಗಳು ನಮ್ಮೆಲ್ಲರ ಫೋನುಗಳಿಗೂ ಬರುತ್ತಿವೆ. ಆದರೆ ಚಿತ್ರಗಳಲ್ಲಿ ಸೌಟು ಕಾಣುವುದಿಲ್ಲ, ಹಲವು ಸಲ ನೀರೂ ಕಾಣುವುದಿಲ್ಲ. ತೊಟ್ಟಿಯ ತುಂಬ ಹೂವು. ಜೂನ್ ತಿಂಗಳಾದರೆ ನೀಲಿ, ನೇರಳೆ ಬಣ್ಣದ ಹೈಡ್ರೇಂಜಿಯ. ಊಟಿ, ಮಡಿಕೇರಿಗಳ ಹಳೆಯ ಬಂಗಲೆಗಳ ಮುಂದೆ ಚೆಂಡಿನ ಹಾಗೆ ಅರಳಿರುತ್ತದಲ್ಲ, ಅದೇ ಹೂವು. ಶರತ್ಕಾಲದಲ್ಲಿ ಡೇಲಿಯ, ಸೇವಂತಿಗೆ, ಕೆಂಪು ಮೇಪಲ್ ಎಲೆ. ಚಳಿಗಾಲದಲ್ಲಿ ಕಮೀಲಿಯ. ಈ ಅಲಂಕಾರಕ್ಕೆ 'ಹನಾಚೋಜು' ಎನ್ನುತ್ತಾರೆ. ಹನಾ ಎಂದರೆ ಹೂವು. ಹೂವಿನ ಕೈನೀರು.

ಚಿತ್ರ ಕಳುಹಿಸುವವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಸೇರಿಸಿರುತ್ತಾರೆ: 'ಜಪಾನೀಯರ ಸಾವಿರಾರು ವರ್ಷಗಳ ಪದ್ಧತಿ' ಎಂದು ಒಬ್ಬರು, 'ಇನ್‌ಸ್ಟಾಗ್ರಾಂಗಾಗಿ ಹುಟ್ಟಿದ ಷೋಕಿ' ಎಂದು ಇನ್ನೊಬ್ಬರು. ತೊಟ್ಟಿಯಲ್ಲಿ ಹೂವು ತುಂಬಿಡುವ ವಾಡಿಕೆ ಊರೂರಿಗೆ ಹರಡಿದ್ದು ನಮ್ಮ ಕಣ್ಣೆದುರಿಗೆ. ಆದ್ದರಿಂದ ಮೊದಲನೆಯವರ ಮಾತು ನಿಲ್ಲುವುದಿಲ್ಲ. ಆದರೆ ಹನಾಚೋಜು ಎಂಬ ಹೆಸರು ಹಳೆಯದು, ಮತ್ತು ಅದರ ಮೊದಲಿನ ಅರ್ಥವೇ ಬೇರೆ. ಆ ಅರ್ಥವನ್ನು ತಿಳಿದ ಮೇಲೆ ಎರಡನೆಯವರ ಮಾತೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಈ ಲೇಖನ ಆ ಹೆಸರಿನ ಬೆನ್ನು ಹತ್ತಿ ಹೋದದ್ದರ ಫಲ.

ಜಪಾನೀಯರ ಶೌಚದ ಕಲ್ಪನೆ ಅವರ ಅತಿ ಪ್ರಾಚೀನ ಗ್ರಂಥದಲ್ಲಿಯೇ ಇದೆ. ಕ್ರಿ.ಶ. 712ರಲ್ಲಿ ಸಿದ್ಧವಾದ 'ಕೋಜಿಕಿ'ಯ ಪ್ರಕಾರ, ಇಜಾನಾಗಿ ಎಂಬ ಆದಿದೇವ ಸತ್ತ ಹೆಂಡತಿಯನ್ನು ಹುಡುಕಿಕೊಂಡು ಪಾತಾಳಕ್ಕೆ ಹೋಗಿ, ಅವಳ ಕೊಳೆತ ದೇಹವನ್ನು ಕಂಡು ಹೆದರಿ ಓಡಿಬರುತ್ತಾನೆ. ಸಾವಿನ ಸೂತಕವನ್ನು ಕಳೆದುಕೊಳ್ಳಲು ನದಿಯಲ್ಲಿ ಮೀಯುತ್ತಾನೆ. ಎಡಗಣ್ಣು ತೊಳೆದಾಗ ಸೂರ್ಯದೇವಿ ಅಮತೆರಾಸು, ಬಲಗಣ್ಣು ತೊಳೆದಾಗ ಚಂದ್ರ, ಮೂಗು ತೊಳೆದಾಗ ಬಿರುಗಾಳಿಯ ದೇವತೆ ಸುಸಾನೊಓ ಹುಟ್ಟುತ್ತಾರೆ. ಸಾವಿನ ಮನೆಯಿಂದ ಬಂದವನು ಸ್ನಾನ ಮಾಡುವುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಇಂಥ ಪೂರ್ಣ ಸ್ನಾನಕ್ಕೆ 'ಮಿಸೋಗಿ' ಎಂದು ಹೆಸರು. ಅದನ್ನೇ ಕೈ ಬಾಯಿಗಳಿಗೆ ಇಳಿಸಿದ ಸಂಕ್ಷಿಪ್ತ ರೂಪವೇ ಚೋಜು. ಇಸೆಯ ಮಹಾಮಂದಿರದಲ್ಲಿ ಇಂದಿಗೂ ಭಕ್ತರು ಇಸುಜು ನದಿಗೇ ಇಳಿದು ಕೈ ತೊಳೆಯಬಹುದು. ಅಲ್ಲಿನ ಕಲ್ಲುಹಾಸಿನ ಸೋಪಾನವನ್ನು 1692ರಲ್ಲಿ ಶೋಗುನ್ ತೊಕುಗಾವಾ ತ್ಸುನಾಯೋಶಿಯ ತಾಯಿ ಕೇಯ್‌ಶೋಇನ್ ಮಾಡಿಸಿಕೊಟ್ಟಳಂತೆ.

ನದಿಯೂ ಇಲ್ಲ, ತೊಟ್ಟಿಯೂ ಇಲ್ಲ. ಬಯಲಿನಲ್ಲಿ ಪೂಜೆ ನಡೆಯಬೇಕಾಗಿದೆ. ಆಗ ಏನು ಮಾಡುವುದು? ಆಗ ಹುಲ್ಲಿನ ಮೇಲಿನ, ಎಲೆ ಹೂವುಗಳ ಮೇಲಿನ ಇಬ್ಬನಿಯಿಂದ ಕೈ ಒರಸಿಕೊಂಡರೆ ಸಾಕು, ಶುದ್ಧವಾದಂತೆಯೇ ಲೆಕ್ಕ. ಹನಾಚೋಜು ಎಂಬ ಮಾತಿನ ಹಳೆಯ ಅರ್ಥ ಇದು. ನೀರು ಸಿಕ್ಕದ ಕಡೆ ಹೂವು ನೀರಿನ ಕೆಲಸ ಮಾಡುವುದು. ಸುಮೋ ಕುಸ್ತಿ ನೋಡುವವರಿಗೆ ಇದರ ಇನ್ನೊಂದು ರೂಪದ ಪರಿಚಯ ಇದ್ದೇ ಇರುತ್ತದೆ. ಜಟ್ಟಿಗಳು ಕುಕ್ಕರಗಾಲಿನಲ್ಲಿ ಕೂತು, ಎರಡೂ ಅಂಗೈ ಉಜ್ಜಿ, ಚಪ್ಪಾಳೆ ತಟ್ಟಿ, ತೋಳುಗಳನ್ನು ಅಗಲಿಸಿ ತೋರಿಸುತ್ತಾರಲ್ಲ, ಅದಕ್ಕೆ 'ಚಿರಿಚೋಜು' ಎಂದು ಹೆಸರು. ಬಯಲಿನಲ್ಲಿ ಹುಲ್ಲಿನ ಇಬ್ಬನಿಯಿಂದ ಕೈ ಒರಸಿಕೊಳ್ಳುತ್ತಿದ್ದುದರ ನೆನಪು ಅದು ಎಂದು ವಿವರಿಸುತ್ತಾರೆ. ನಮ್ಮಲ್ಲಿ ನೀರಿಲ್ಲದ ಕಡೆ ಸಂಧ್ಯಾವಂದನೆಯ ಹೊತ್ತು ತಪ್ಪಬಾರದೆಂದು ಬಲಗಿವಿ ಮುಟ್ಟಿಕೊಂಡು ಆಚಮನ ಮುಗಿಸುವ ಹಿರಿಯರನ್ನು ಕಂಡವರಿಗೆ ಇದು ತೀರ ಪರಿಚಿತವಾಗಿ ಕಾಣುತ್ತದೆ.

ಬೌದ್ಧರ ಕಡೆಯಿಂದ ಬಂದ ನೀರಿನ ಕಥೆಯಂತೂ ನಮ್ಮ ಮನೆಯ ಕಥೆಯೇ. ಬುದ್ಧನಿಗೆ ಅರ್ಪಿಸುವ ನೀರಿಗೆ ಜಪಾನಿನಲ್ಲಿ 'ಅಕಾ' ಎನ್ನುತ್ತಾರೆ. ಅದು ನಮ್ಮ 'ಅರ್ಘ್ಯ'. ಸಂಸ್ಕೃತದ ಮಾತು ಚೀನಾದ ಲಿಪಿಯೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ಹೀಗಾಗಿದೆ. ನಾರಾ ನಗರದ ತೋದೈಜಿ ದೇವಾಲಯದಲ್ಲಿ ಅರ್ಘ್ಯದ ಬಾವಿಯೊಂದಿದೆ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ನಡುರಾತ್ರಿ ದಾಟಿದ ಮೇಲೆ ಪಂಜಿನ ಬೆಳಕಿನಲ್ಲಿ ಅಲ್ಲಿಂದ ನೀರು ಸೇದುತ್ತಾರೆ. 752ರಲ್ಲಿ ಶುರುವಾದ ಈ ವ್ರತ ಇದುವರೆಗೆ ಒಂದು ವರ್ಷವೂ ತಪ್ಪಿಲ್ಲವೆಂದು ಅಲ್ಲಿಯವರ ಹೆಮ್ಮೆ. ಆ ದಿನಗಳಲ್ಲಿ ದೇವರ ಮುಂದಿಡುವುದು ಭಿಕ್ಷುಗಳು ತಮ್ಮ ಕೈಯಿಂದಲೇ ಮಾಡಿದ ಕಾಗದದ ಕಮೀಲಿಯ ಹೂಗಳು.

ಹೂವು ಮತ್ತು ನೀರಿನ ಬಟ್ಟಲು ಒಟ್ಟಿಗೆ ಬರುವ ಇನ್ನೊಂದು ಹಬ್ಬ ಬುದ್ಧನ ಹುಟ್ಟುಹಬ್ಬ. ಜಪಾನಿನಲ್ಲಿ ಅದು ಏಪ್ರಿಲ್ 8ಕ್ಕೆ. 'ನಿಹೋನ್ ಶೋಕಿ' ಎಂಬ ಇತಿಹಾಸ ಗ್ರಂಥ ನಾಲ್ಕನೆಯ ತಿಂಗಳ ಎಂಟನೆಯ ದಿನ ಎಲ್ಲ ದೇವಾಲಯಗಳಲ್ಲಿ ಸಂತರ್ಪಣೆ ನಡೆಯಬೇಕೆಂದು ಕಟ್ಟಳೆಯಾದದ್ದನ್ನು 606ನೆಯ ವರ್ಷದ ಕೆಳಗೆ ದಾಖಲಿಸಿದೆ. ಈಗ ಆ ದಿನ ಹೂವಿನಿಂದಲೇ ಮಾಡು ಹೊದಿಸಿದ ಪುಟ್ಟ ಮಂಟಪದಲ್ಲಿ ಒಂದು ಬೋಗುಣಿ ಇಟ್ಟು, ಅದರ ನಡುವೆ ಬಾಲಬುದ್ಧನನ್ನು ನಿಲ್ಲಿಸಿ, ಬಂದವರೆಲ್ಲ ಸಣ್ಣ ಸೌಟಿನಿಂದ ಅವನ ತಲೆಯ ಮೇಲೆ ಸಿಹಿ ಕಷಾಯ ಸುರಿಯುತ್ತಾರೆ. ಹೂಮಂಟಪ ಲುಂಬಿನಿಯ ತೋಟದ ಗುರುತು, ಕಷಾಯ ನಾಗರಾಜರು ಎರೆದ ಅಭಿಷೇಕದ ಗುರುತು. 'ಅಮಾಚಾ' ಎಂಬ ಆ ಕಷಾಯ ತಯಾರಾಗುವುದು ಹೈಡ್ರೇಂಜಿಯದ ಒಂದು ಜಾತಿಯ ಎಲೆಗಳಿಂದ. ಇಂದು ತೊಟ್ಟಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೇಲುವುದು ಅದೇ ಬಳಗದ ಹೂವು.

ಇಲ್ಲಿ ವೈದ್ಯನಾಗಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹೈಡ್ರೇಂಜಿಯ ನೋಡುವ ಹೂವು, ತಿನ್ನುವ ಸೊಪ್ಪಲ್ಲ. 2008ರಲ್ಲಿ ಜಪಾನಿನ ಹೋಟೆಲುಗಳಲ್ಲಿ ತಟ್ಟೆಯ ಅಲಂಕಾರಕ್ಕಿಟ್ಟ ಅದರ ಎಲೆಯನ್ನು ತಿಂದು ಗಿರಾಕಿಗಳು ವಾಂತಿ ಮಾಡಿಕೊಂಡದ್ದುಂಟು. ಬುದ್ಧನ ಹಬ್ಬದ ಕಷಾಯವನ್ನು ಗಟ್ಟಿಯಾಗಿ ಕಾಸಿ ಕೊಟ್ಟು ಮಕ್ಕಳಿಗೆ ತೊಂದರೆಯಾದ ಪ್ರಸಂಗಗಳೂ ಆಮೇಲೆ ವರದಿಯಾಗಿವೆ. ಹೂವು ತುಂಬಿದ ತೊಟ್ಟಿಯ ನೀರನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಬೇಕು.

ಇನ್ನು ಹೂವಿಗೂ ಸಾಂಕ್ರಾಮಿಕ ರೋಗಕ್ಕೂ ಇರುವ ನಂಟು. ಈ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ.

735ರಿಂದ 737ರವರೆಗೆ ಜಪಾನನ್ನು ಸಿಡುಬು ಬಡಿಯಿತು. ದೇಶದ ಜನಸಂಖ್ಯೆಯಲ್ಲಿ ನಾಲ್ಕನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಸತ್ತಿರಬೇಕೆಂದು ಚರಿತ್ರಕಾರರ ಅಂದಾಜು. ಆಸ್ಥಾನವನ್ನು ನಡೆಸುತ್ತಿದ್ದ ಫುಜಿವಾರಾ ಮನೆತನದ ನಾಲ್ವರು ಅಣ್ಣತಮ್ಮಂದಿರು 737ರ ಒಂದೇ ವರ್ಷದಲ್ಲಿ ತೀರಿಕೊಂಡರು. ಈ ಆಘಾತದ ಹಿನ್ನೆಲೆಯಲ್ಲಿಯೇ ಚಕ್ರವರ್ತಿ ಶೋಮು ನಾರಾದಲ್ಲಿ ಮಹಾಬುದ್ಧನ ಕಂಚಿನ ಮೂರ್ತಿಯನ್ನು ಮಾಡಿಸಲು 743ರಲ್ಲಿ ಆಜ್ಞೆ ಹೊರಡಿಸಿದ್ದು. 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆದವರು ಬೋಧಿಸೇನರೆಂಬ ಭಾರತೀಯ ಭಿಕ್ಷು. ಸಿಡುಬಿನ ನಡುವೆಯೇ 736ರಲ್ಲಿ ಜಪಾನಿಗೆ ಬಂದಿಳಿದವರು. ಜಪಾನೀ ದಾಖಲೆಗಳು ಅವರನ್ನು ದಕ್ಷಿಣ ಭಾರತದ ಬ್ರಾಹ್ಮಣರೆಂದು ಕರೆಯುತ್ತವೆ. ನಮ್ಮ ಶಿಲ್ಪಿಗಳು ಇಂದಿಗೂ ಮಾಡುವ ನೇತ್ರೋನ್ಮೀಲನವೇ ಅದು. ಅವರು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರು ಆ ದಾರವನ್ನು ಹಿಡಿದು ಪುಣ್ಯದಲ್ಲಿ ಪಾಲು ಪಡೆದರು. ಕುಂಚವೂ ದಾರವೂ ನಾರಾದ ಶೋಸೋಇನ್ ಭಂಡಾರದಲ್ಲಿ ಇನ್ನೂ ಉಳಿದಿವೆ.

ಅದಕ್ಕೂ ಮೊದಲೇ, 701ರ ತೈಹೋ ಸಂಹಿತೆಯ ಕಾಲದಿಂದ, ರಾಜ್ಯವೇ ನಡೆಸಬೇಕಾದ ಪೂಜೆಗಳ ಪಟ್ಟಿಯಲ್ಲಿ 'ಹೂವನ್ನು ಶಾಂತಗೊಳಿಸುವ ಹಬ್ಬ' ಒಂದಿತ್ತು. 833ರಲ್ಲಿ ರಚಿತವಾದ ಅಧಿಕೃತ ವ್ಯಾಖ್ಯಾನ ಅದಕ್ಕೆ ಕಾರಣ ಕೊಡುತ್ತದೆ: ವಸಂತದಲ್ಲಿ ಹೂವು ಉದುರಿ ಹಾರುವಾಗ ರೋಗದ ದೇವತೆಗಳೂ ಅದರೊಂದಿಗೆ ಚದುರಿ ಊರಿಗೆ ವ್ಯಾಧಿ ಹರಡುತ್ತಾರೆ, ಅವರನ್ನು ತಣಿಸಲು ಈ ಪೂಜೆ. ಅಂದರೆ ಚೆರ್ರಿ ಹೂವು ಉದುರುವುದನ್ನು ನೋಡಿ ಇಂದಿನ ಪ್ರವಾಸಿ ಕವಿಯಾದರೆ, ಅಂದಿನ ಆಡಳಿತಗಾರ ಅದರಲ್ಲಿ ಸಾಂಕ್ರಾಮಿಕದ ಮುನ್ಸೂಚನೆ ಕಂಡ. ನಾರಾ ಪ್ರಾಂತದ ಓಮಿವಾ ಗುಡಿಯಲ್ಲಿ ಮತ್ತು ಅದಕ್ಕೆ ಸೇರಿದ ಸಾಯ್ ಗುಡಿಯಲ್ಲಿ ಪ್ರತಿ ಏಪ್ರಿಲ್ 18ರಂದು ಈ ಹಬ್ಬ ಇಂದಿಗೂ ನಡೆಯುತ್ತದೆ. ಲಿಲ್ಲಿಯ ಗೆಡ್ಡೆ, ಹನಿಸಕ್ಕಲ್ ಬಳ್ಳಿ ಎಂಬ ಎರಡು ಔಷಧಿ ಗಿಡಗಳನ್ನು ದೇವರಿಗೆ ಒಪ್ಪಿಸುತ್ತಾರೆ. ಔಷಧ ಕಂಪನಿಗಳವರು ಬಂದು ಕೈಮುಗಿಯುತ್ತಾರೆ. ಜನರ ಬಾಯಲ್ಲಿ ಅದು 'ಔಷಧಿ ಹಬ್ಬ'. ಕ್ಯೋಟೋ ನಗರದ ಇಮಾಮಿಯಾ ಗುಡಿಯಲ್ಲಿಯೂ ಇದರ ತಮ್ಮನಂಥ ಹಬ್ಬವೊಂದಿದೆ. ಅಲ್ಲಿ ಹೂವು ಸಿಕ್ಕಿಸಿದ ದೊಡ್ಡ ಕೆಂಪು ಛತ್ರಿಗಳು ಮೆರವಣಿಗೆ ಹೊರಡುತ್ತವೆ. ರೋಗದ ದೇವತೆಗಳು ಹೂವಿಗೆ ಮರುಳಾಗಿ ಛತ್ರಿಯೊಳಗೆ ಸೇರಿಕೊಳ್ಳಲಿ ಎಂಬುದು ಉದ್ದೇಶ. ಬೀದಿಯ ಜನ ಆ ಛತ್ರಿಯ ಕೆಳಗೆ ಒಂದು ಸಲ ಹೊಕ್ಕು ಬಂದರೆ ವರ್ಷವೆಲ್ಲ ಕಾಯಿಲೆಯಿಲ್ಲ.

863ರಲ್ಲಿ ಕ್ಯೋಟೋ ರಾಜಧಾನಿಗೆ ಕೆಮ್ಮಿನ ಪಿಡುಗು ಬಂತು. ಗ್ರಂಥದಲ್ಲಿ ಬಳಸಿರುವ ಮಾತೇ ಕೆಮ್ಮು. ಯಾವ ವೈರಸ್ ಎಂದು ಇಂದು ಹೇಳುವ ದಾರಿಯಿಲ್ಲ. ಅನ್ಯಾಯವಾಗಿ ಸತ್ತ ರಾಜಪುರುಷರ ಆತ್ಮಗಳ ಕೋಪವೇ ಕಾರಣವೆಂದು ಭಾವಿಸಿ ಅರಮನೆಯ ಶಿನ್ಸೆನ್‌ಎನ್ ಉದ್ಯಾನದ ಕೊಳದ ಬಳಿ ಶಾಂತಿ ಮಾಡಿಸಿದರು. ಆರು ಪೀಠಗಳ ಮುಂದೆ ಹೂವು ಹಣ್ಣುಗಳನ್ನು ರಾಶಿಯಾಗಿ ಜೋಡಿಸಿ, ನಮ್ಮಿಂದ ಹೋದ 'ಸುವರ್ಣಪ್ರಭಾಸ' ಸೂತ್ರವನ್ನು ಓದಿಸಿದರು. ಅಂದು ಉದ್ಯಾನದ ಬಾಗಿಲು ತೆರೆದು ಸಾಮಾನ್ಯ ಜನರನ್ನೂ ಒಳಗೆ ಬಿಟ್ಟರು. 869ರಲ್ಲಿ ಇನ್ನೊಂದು ಪಿಡುಗಿನ ಸಮಯದಲ್ಲಿ ಅದೇ ಉದ್ಯಾನಕ್ಕೆ 66 ಈಟಿಗಳನ್ನು ಮೆರವಣಿಗೆಯಲ್ಲಿ ತಂದದ್ದೇ ಪ್ರಸಿದ್ಧ ಗಿಯೋನ್ ಹಬ್ಬದ ಮೂಲ. ಗಿಯೋನ್ ಎಂಬ ಹೆಸರು ಬುದ್ಧನ ಜೇತವನ ವಿಹಾರದ ಜಪಾನೀ ರೂಪ. ರೋಗ ನಿವಾರಣೆಗಾಗಿಯೇ ಹುಟ್ಟಿದ ಈ ಹಬ್ಬದ ರಥಗಳ ಮೆರವಣಿಗೆ 2020 ಮತ್ತು 2021ರಲ್ಲಿ ರೋಗದ ಕಾರಣದಿಂದಲೇ ನಡೆಯಲಿಲ್ಲ. 2022ರಲ್ಲಿ ಮತ್ತೆ ಹೊರಟಿತು.

ಈಗ ಹೂವಿನ ತೊಟ್ಟಿಗೆ ಬರೋಣ. ಇಂದಿನ ರೂಪದ ಹನಾಚೋಜುವಿನ ತೌರುಮನೆ ಎಂದು ಹೆಸರಾಗಿರುವುದು ಕ್ಯೋಟೋ ಪ್ರಾಂತದ ನಾಗಾಓಕಾಕ್ಯೋ ಊರಿನ ಬೆಟ್ಟದ ಮೇಲಿರುವ ಯೋಕೊಕುಜಿ. ಜನ 'ಯಾನಾಗಿದಾನಿ ಕನ್ನೊನ್' ಎನ್ನುತ್ತಾರೆ. ಕನ್ನೊನ್ ಎಂದರೆ ನಮ್ಮ ಅವಲೋಕಿತೇಶ್ವರ. ಇಲ್ಲಿಯದು ಹನ್ನೊಂದು ಮುಖ, ಸಾವಿರ ಕೈ, ಸಾವಿರ ಕಣ್ಣಿನ ಮೂರ್ತಿ. 806ರಲ್ಲಿ ಕ್ಯೋಟೋ ನಗರದ ಕಿಯೋಮಿಜು ದೇವಾಲಯದ ಸ್ಥಾಪಕನಾದ ಎನ್‌ಚಿನ್ ಎಂಬ ಭಿಕ್ಷುವೇ ಇದನ್ನೂ ಸ್ಥಾಪಿಸಿದನೆಂದು ಸ್ಥಳಪುರಾಣ. ಚೀನಾಕ್ಕೆ ಹೋಗಿ ಮಂತ್ರಯಾನವನ್ನೂ ಸಂಸ್ಕೃತದ ಸಿದ್ಧಂ ಲಿಪಿಯನ್ನೂ ಕಲಿತು ತಂದ ಮಹಾಗುರು ಕೂಕಾಯ್ (774–835) ಇಲ್ಲಿಗೆ ಬಂದಾಗ ಒಂದು ತಾಯಿ ಕೋತಿ ಬೆಟ್ಟದ ಒರತೆಯ ನೀರಿನಿಂದ ತನ್ನ ಮರಿಯ ಮುಚ್ಚಿಹೋದ ಕಣ್ಣನ್ನು ತೊಳೆಯುತ್ತಿತ್ತಂತೆ. ಕೂಕಾಯ್ ಕೂಡ ಅದರೊಂದಿಗೆ ದಿನವೂ ಪ್ರಾರ್ಥಿಸಿ, ಹದಿನೇಳನೆಯ ದಿನ ಮರಿ ಕಣ್ಣು ಬಿಟ್ಟಿತಂತೆ. ಆಗ ಅವನು ತನ್ನ ವಜ್ರಾಯುಧದಿಂದ ಒರತೆಯನ್ನು ಅಗಲ ಮಾಡಿ ಕಣ್ಣಿನ ರೋಗಿಗಳಿಗಾಗಿ ಬಿಟ್ಟುಹೋದನಂತೆ. ಹದಿನೇಳನೇ ಶತಮಾನದಲ್ಲಿ ಚಕ್ರವರ್ತಿ ರೇಯ್‌ಗೆನ್‌ನ ಕಣ್ಣುಬೇನೆ ಈ ನೀರಿನಿಂದ ವಾಸಿಯಾಯಿತೆಂದೂ, ಮೇಯ್‌ಜಿ ಕಾಲದವರೆಗೆ ಅರಮನೆಗೆ ಇಲ್ಲಿಂದ ನೀರು ಹೋಗುತ್ತಿತ್ತೆಂದೂ ದೇವಾಲಯದವರು ಹೇಳುತ್ತಾರೆ. (ಕೂಕಾಯ್‌ನಂಥವರಿಂದ ಶುರುವಾದ ಸಂಸ್ಕೃತ ಅಭ್ಯಾಸದ ಫಲವಾಗಿಯೇ ಜಪಾನೀ ಮಕ್ಕಳು ಇಂದೂ ತಮ್ಮ ಅಕ್ಷರಮಾಲೆಯನ್ನು ಅ, ಇ, ಉ, ಎ, ಒ, ಕ, ಸ, ತ, ನ ಎಂದು ನಮ್ಮ ವರ್ಣಮಾಲೆಯ ಜಾಡಿನಲ್ಲಿ ಓದುವುದು. ನಮ್ಮ ಸಂಘದ ಕನ್ನಡ ಶಾಲೆಯ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.)

ಕೋತಿಯ ಕಥೆಯನ್ನು ನಾನು ನಕ್ಕು ಬಿಡಲಾರೆ. ಬಡ ದೇಶಗಳಲ್ಲಿ ಲಕ್ಷಾಂತರ ಜನರ ಕಣ್ಣು ಕಳೆದ ಟ್ರಕೋಮ ರೋಗಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟಿರುವ ನಾಲ್ಕು ಸೂತ್ರಗಳಲ್ಲಿ ಒಂದು, ದಿನವೂ ಶುದ್ಧ ನೀರಿನಿಂದ ಮುಖ ತೊಳೆಯುವುದು. ಜಪಾನಿನಲ್ಲಿಯೂ ಈ ರೋಗ ಎಷ್ಟು ಹರಡಿತ್ತೆಂದರೆ 1919ರಲ್ಲಿ ಅದಕ್ಕೆಂದೇ ಒಂದು ಕಾನೂನು ಮಾಡಬೇಕಾಯಿತು. ಆ ಬೆಟ್ಟ ಹತ್ತಿದ ಯಾತ್ರಿಕರಲ್ಲಿ ಇಂಥ ರೋಗಿಗಳೂ ಇದ್ದಿರಬೇಕು. ಹರಿಯುವ ಒರತೆಯಲ್ಲಿ ಮುಖ ತೊಳೆದುದರಿಂದ ಅವರಿಗೆ ಕೆಡುಕಂತೂ ಆಗಿರಲಾರದು.

ಈ ದೇವಾಲಯದ ಸುತ್ತ ಸುಮಾರು 5000 ಹೈಡ್ರೇಂಜಿಯ ಗಿಡಗಳಿವೆ. 2010ರ ದಶಕದ ಕೊನೆಯ ವರ್ಷಗಳಲ್ಲಿ ಇಲ್ಲಿಯವರು ಆಯಾ ಋತುವಿನ ಹೂಗಳನ್ನು ತೊಟ್ಟಿಗಳಲ್ಲಿ ತೇಲಿಸಿ ಚಿತ್ರಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದರು. ಬೆಟ್ಟದ ಮೂಲೆಯ ಗುಡಿಗೆ ಯುವಜನರು ಬರತೊಡಗಿದರು. ಕಥೆ ಇಷ್ಟರಲ್ಲೇ ನಿಂತಿದ್ದರೆ 'ಷೋಕಿ' ಎಂದವರ ಮಾತೇ ಸರಿಯಾಗುತ್ತಿತ್ತು.

2020ರ ವಸಂತದಲ್ಲಿ ಜಪಾನಿನ ಗುಡಿಗಳಿಂದ ಸೌಟುಗಳು ಮಾಯವಾದವು. ಏಪ್ರಿಲ್ 7ರಂದು ಏಳು ಪ್ರಾಂತಗಳಿಗೆ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಅದು 16ರಂದು ಇಡೀ ದೇಶಕ್ಕೆ ವಿಸ್ತರಿಸಿತು. ಎಲ್ಲರೂ ಮುಟ್ಟುವ ಹಿಡಿ, ಬಾಯಿ ಮುಕ್ಕಳಿಸುವ ನೀರು, ತೆಗೆಯದೆ ವಿಧಿಯಿರಲಿಲ್ಲ. ಎಂ.ಬಿ.ಬಿ.ಎಸ್. ಓದಿದವರಿಗೆಲ್ಲ ಪಾರ್ಕ್ ಅವರ ದಪ್ಪ ಪುಸ್ತಕದ ಜಾನ್ ಸ್ನೋ ನೆನಪಾಗಬೇಕು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನಿಂದ ಕಾಲರಾ ಹರಡುತ್ತಿದೆಯೆಂದು ತೋರಿಸಿ ಅದರ ಹಿಡಿಯನ್ನೇ ಕಳಚಿಸಿದ ಪುಣ್ಯಾತ್ಮ. ಹಿಡಿ ಕಳಚುವ ಹೊತ್ತಿಗೆ ಕಾಲರಾ ಆಗಲೇ ಇಳಿಮುಖವಾಗಿತ್ತು ಎಂಬುದು ಬೇರೆ ಮಾತು. ಹಾಗೆಯೇ ಕೋವಿಡ್ ಮುಖ್ಯವಾಗಿ ಉಸಿರಿನ ಗಾಳಿಯಿಂದ ಹರಡುತ್ತದೆ, ಮುಟ್ಟಿದ ವಸ್ತುಗಳಿಂದ ಹರಡುವುದು ಕಡಿಮೆ ಎಂದು ನಮಗೆ ಆಮೇಲೆ ತಿಳಿಯಿತು. ಆದರೆ 2020ರ ಮಾರ್ಚಿನಲ್ಲಿ ನನ್ನನ್ನು ಕೇಳಿದ್ದರೂ ನಾನು ಸೌಟು ತೆಗೆಯಿರಿ ಎಂದೇ ಹೇಳುತ್ತಿದ್ದೆ.

ಆ ದಿನಗಳಲ್ಲಿ ಇಲ್ಲಿ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳ ಮನೆಯವರನ್ನು ಒಳಗೆ ಬಿಡುವಂತಿರಲಿಲ್ಲ. ಕೊನೆಯ ಮಾತುಗಳನ್ನು ಫೋನಿನಲ್ಲಿ ಆಡಿಸಿ, ಕೈಗವಸು ಹಾಕಿದ ಕೈಯಿಂದ ಆ ಫೋನನ್ನು ಕಿವಿಗೆ ಹಿಡಿದವರು ನರ್ಸ್‌ಗಳು. ರೋಗ ತಡೆಯಲು ತೆಗೆದುಹಾಕಬೇಕಾದ್ದನ್ನು ತೆಗೆದುಹಾಕುವುದು ನಮಗೆ ಗೊತ್ತಿತ್ತು. ತೆಗೆದ ಜಾಗದಲ್ಲಿ ಏನಿಡಬೇಕು ಎಂದು ಯೋಚಿಸಲು ಯಾರಿಗೂ ಬಿಡುವಿರಲಿಲ್ಲ. ನಾವು ಹೋಗುವ ಇಲ್ಲಿನ ದೇವಸ್ಥಾನದಲ್ಲಿ ಬಾಗಿಲು ಮತ್ತೆ ತೆರೆದ ಮೇಲೂ ಬಹುಕಾಲ ತೀರ್ಥ ಕೊಡಲಿಲ್ಲ. ತೀರ್ಥದ ಬಟ್ಟಲೂ ಉದ್ಧರಣೆಯೂ ಗರ್ಭಗುಡಿಯೊಳಗೇ ಉಳಿದವು. ನಿರ್ಧಾರ ಸರಿಯೇ. ಆದರೂ ಅಭ್ಯಾಸಬಲದಿಂದ ಬಲಗೈ ಬೊಗಸೆ ಮಾಡಿ ಮುಂದೆ ಚಾಚಿದ ಹಿರಿಯರು, ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡದ್ದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ.

ಜಪಾನಿನ ತೊಟ್ಟಿಗಳಲ್ಲಿಯೂ ಕೆಲವು ವಾರ ಹೀಗೆಯೇ ಇತ್ತು. ಕೆಲವು ಕಡೆ ನೀರು ಬಸಿದು ಹಲಗೆ ಮುಚ್ಚಿದರು. ಕೆಲವರು ಬಿದಿರಿನ ಕೊಳವೆಗೆ ತೂತು ಕೊರೆದು, ಸೌಟಿಲ್ಲದೆ ಕೈಯೊಡ್ಡಿ ತೊಳೆಯುವಂತೆ ನೀರು ಹರಿಯಬಿಟ್ಟರು. ಇನ್ನು ಕೆಲವರು ಯೋಕೊಕುಜಿಯ ಚಿತ್ರಗಳನ್ನು ನೆನೆಸಿಕೊಂಡು ತೊಟ್ಟಿಗೆ ಹೂವು ಹಾಕಿದರು. ಹೂವಿಗೇನೂ ಆಗ ಕೊರತೆಯಿರಲಿಲ್ಲ. ಮಾರ್ಚ್ ಜಪಾನಿನಲ್ಲಿ ಶಾಲೆ ಕಾಲೇಜುಗಳ ಪದವಿ ಸಮಾರಂಭದ ತಿಂಗಳು. ಸಮಾರಂಭವಿಲ್ಲ, ಮದುವೆಯಿಲ್ಲ, ಬೆಳೆದ ಹೂವನ್ನು ಕೊಳ್ಳುವವರಿಲ್ಲ. ಹೂವು ಕೊಳ್ಳಿರೆಂದು ಕೃಷಿ ಇಲಾಖೆಯೇ ಪ್ರಚಾರಕ್ಕೆ ಇಳಿಯಿತು. ಮಾರಾಟವಾಗದ ಹೂವು ಹಲವು ಗುಡಿಗಳ ತೊಟ್ಟಿ ಸೇರಿತು.

ಟೋಕಿಯೋ ನಗರದ ಉತ್ತರಕ್ಕೆ ಸೈತಾಮಾ ಪ್ರಾಂತದಲ್ಲಿ ಗ್ಯೋದಾ ಎಂಬ ಊರಿದೆ. ಹೆಬ್ಬೆರಳು ಬೇರೆಯಾಗಿರುವ ಜಪಾನೀ ಕಾಲುಚೀಲಗಳನ್ನು ಹೊಲಿಯುವುದಕ್ಕೆ ಹೆಸರಾದ ಊರು. ಅಲ್ಲಿಯ ಹಾಚಿಮಾನ್ ಗುಡಿ ಹಿಂದಿನಿಂದಲೂ ರೋಗಗಳಿಗೆ ದಿಗ್ಬಂಧನ ಹಾಕಿಸಿಕೊಳ್ಳುವವರು ಬರುವ ಜಾಗ. 2020ರ ಏಪ್ರಿಲ್‌ನಲ್ಲಿ ಅಲ್ಲಿ ಹೂವಿನ ತೊಟ್ಟಿ ಶುರುವಾಯಿತು. ಅದೇ ಅಕ್ಟೋಬರಿನಿಂದ ಊರಿನ ಅಂಗಡಿ, ಮನೆಗಳ ಮುಂದೆಯೂ ಜನ ಕುಂಡ, ಬೋಗುಣಿಗಳಲ್ಲಿ ಹೂವು ತೇಲಿಸಿಡತೊಡಗಿದರು. ಅದಕ್ಕೆ ತಿಂಗಳಲ್ಲಿ ಇಂತಿಷ್ಟು ದಿನ ಎಂದು ಗೊತ್ತುಮಾಡಿ, ಒಂದು ರಾತ್ರಿ ದೀಪಾಲಂಕಾರವನ್ನೂ ಮಾಡುತ್ತಾ ಬಂದರು. ಇದರಲ್ಲಿ ಪ್ರವಾಸೋದ್ಯಮದ ಲೆಕ್ಕಾಚಾರವೂ ಇದೆ. ಇರಲಿ. ನಮ್ಮ ಊರುಗಳ ರಥೋತ್ಸವಗಳಲ್ಲಿ ವ್ಯಾಪಾರ ಇರಲಿಲ್ಲವೇ?

ಕೈ ತೊಳೆಯುವ ಜಾಗ ಫೋಟೋ ತೆಗೆಯುವ ಜಾಗವಾಯಿತು ಎಂಬ ಆಕ್ಷೇಪಣೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಹೂವು ತುಂಬಿದ ತೊಟ್ಟಿಯಲ್ಲಿ ಕೈ ಅದ್ದಲಾಗುವುದಿಲ್ಲ. ಜನ ಬಾಗುವುದಿಲ್ಲ, ಬಾಯಿ ಮುಕ್ಕಳಿಸುವುದಿಲ್ಲ. ಸಾಲಿನಲ್ಲಿ ನಿಂತು ಚಿತ್ರ ತೆಗೆದು ಹೋಗುತ್ತಾರೆ. ಮೈಯಿಂದ ಮಾಡುತ್ತಿದ್ದ ಕ್ರಿಯೆ ಕಣ್ಣಿನ ಕ್ರಿಯೆಯಾಗಿದೆ. ಹೀಗೆಯೇ ಹತ್ತು ವರ್ಷ ನಡೆದರೆ ಬಲಗೈ, ಎಡಗೈ, ಹಿಡಿಯ ಮೇಲೆ ನೀರು ಎಂಬ ಕ್ರಮವೇ ಮಕ್ಕಳಿಗೆ ಮರೆತುಹೋದೀತು. ಒಂದು ಆಚಾರ ಸಾಯಲು ಒಂದು ತಲೆಮಾರು ಸಾಕೆಂಬುದನ್ನು ದೇಶ ಬಿಟ್ಟು ಬಂದ ನಮಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಆದರೂ ನನ್ನ ಒಲವು ಹೂವಿಟ್ಟವರ ಕಡೆಗೇ. 2020ರಲ್ಲಿ ಹೂವಿಟ್ಟವರು 701ರ ಸಂಹಿತೆಯನ್ನಾಗಲಿ ಶಿನ್ಸೆನ್‌ಎನ್ ಕೊಳವನ್ನಾಗಲಿ ನೆನೆದು ಇಟ್ಟರೆಂದು ನಾನು ವಾದಿಸುತ್ತಿಲ್ಲ. ಹಾಗೆಂದು ಹೇಳಲು ಆಧಾರವಿಲ್ಲ. ಆದರೆ ನೀರು ಸಿಕ್ಕದ ಕಡೆ ಹೂವು ಎಂಬ ಹಳೆಯ ಅರ್ಥ ಆ ಹೆಸರಿನೊಳಗೇ ಕೂತಿತ್ತು. ನೀರು ಎದುರಿಗಿದ್ದೂ ಮುಟ್ಟುವಂತಿಲ್ಲ ಎಂಬ ಕಾಲ ಬಂದಾಗ, ಗುಡಿಯ ಬಾಗಿಲಲ್ಲಿ ಮುಚ್ಚಿದ ಹಲಗೆಗಿಂತ ಅದು ಮೇಲಾಯಿತು.

2023ರ ಮೇ 8ರಂದು ಜಪಾನ್ ಸರ್ಕಾರ ಕೋವಿಡನ್ನು ಸಾಮಾನ್ಯ ಫ್ಲೂ ರೋಗದ ವರ್ಗಕ್ಕೆ ಇಳಿಸಿತು. ಅನೇಕ ಗುಡಿಗಳಲ್ಲಿ ಸೌಟು ಮರಳಿ ಬಂದಿದೆ. ಕೆಲವು ಕಡೆ ಹರಿಯುವ ಕೊಳವೆಯೇ ಕಾಯಂ ಆಗಿದೆ. ಆಮೇಲಿನ ಒಂದು ಬೇಸಿಗೆ ರಜೆಯಲ್ಲಿ ನಾವು ಸಂಸಾರ ಸಮೇತ ಕ್ಯೋಟೋ ಕಡೆ ಹೋಗಿದ್ದಾಗ ಒಂದೇ ಆವರಣದಲ್ಲಿ ಎರಡೂ ಕಂಡವು: ಬಾಗಿಲ ಬಳಿ ಕೈ ತೊಳೆಯುವ ತೊಟ್ಟಿ, ಒಳಗೆ ಹೂವಿನ ತೊಟ್ಟಿ. ಬೆಳಗಿನ ಹೊತ್ತಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಬಾಡಿದ ಹೂಗಳನ್ನು ಆರಿಸಿ ಬುಟ್ಟಿಗೆ ಹಾಕಿ, ಹೊಸದನ್ನು ಒಂದೊಂದಾಗಿ ತೇಲಿಬಿಡುತ್ತಿದ್ದರು. ನಮ್ಮ ಮಗಳು ಚಿತ್ರ ತೆಗೆಯಲು ಅಪ್ಪಣೆ ಕೇಳಿದಾಗ, ಆ ತಾಯಿ ತಾವು ಪಕ್ಕಕ್ಕೆ ಸರಿದು ನಿಂತರು. ಚಿತ್ರದಲ್ಲಿ ಹೂವು ಮಾತ್ರ ಇರಬೇಕಂತೆ.

ಯೋಕೊಕುಜಿಗೆ ಹೋಗುವ ಮನಸ್ಸಿದ್ದವರು ಜೂನ್ ತಿಂಗಳಲ್ಲಿ ಹೋಗಬೇಕು. ಅದು ಅಲ್ಲಿಯ ಮಳೆಗಾಲ, ಛತ್ರಿ ಮರೆಯಬೇಡಿ. ಪ್ರತಿ ತಿಂಗಳ 17ರಂದು ಅಲ್ಲಿ ಜಾತ್ರೆ. ಒರತೆಯ ನೀರನ್ನು ಭಕ್ತರು ಇಂದಿಗೂ ಮನೆಗೆ ಒಯ್ಯುತ್ತಾರೆ. ಕಣ್ಣಿಗೆ ಡಾಕ್ಟರು ಬರೆದುಕೊಟ್ಟ ಹನಿಗಳನ್ನು ಮಾತ್ರ ನಿಲ್ಲಿಸಬೇಡಿ.